ಬಂದ್ ಮಾಡಬಾರದ ಯೆಜ್ಡಿ

ನನ್ನ ಮಾವನವರು ಒಂದೇ ಸಲ ನನ್ನ ಮುಖ ನೋಡಿ ಮಗಳನ್ನು ಕೊಟ್ಟರು. ಮೋಟರ್‌ಸೈಕಲ್ ಕೊಡುವುದಕ್ಕೆ ಮಾತ್ರ ಇಪ್ಪತ್ತು ವರ್ಷಕ್ಕೂ ಮೇಲೆ ಯೋಚನೆ ಮಾಡಿದರು.

ತಪ್ಪು ಎನ್ನುವಂತಿಲ್ಲ. ಮಗಳಿಗೆ ಏನಾದರೂ ಆದರೆ ಫೋನ್ ಮಾಡಿ ಹೇಳುತ್ತಾಳೆ. ಗಾಡಿ ಹೇಳುತ್ತದೆಯೇ?

ಮಾವನವರ ಹೆಸರು ಈರಪ್ಪ. ಊರು ಬಿಜ್ಜರಗಿ. ದ್ರಾಕ್ಷಿ ಬೆಳೆಯುತ್ತಾರೆ. ವಯಸ್ಸು ಎಂಬತ್ತರ ಹತ್ತಿರ, ಮಾತು ಕಡಿಮೆ. ಅವರದೊಂದು ಹಳೆಯ ಯೆಜ್ಡಿ ಇದೆ. ಕುಂಕುಮದಂಥ ಕೆಂಪು ಬಣ್ಣ, ಎರಡು ಕಡೆ ಎರಡು ಸೈಲೆನ್ಸರ್, ಈಗಷ್ಟೇ ಮೇಯ್ದು ಬಂದ ಎಮ್ಮೆಯ ಹೊಟ್ಟೆಯಂಥ ಟ್ಯಾಂಕು. ಈಗಿನ ಹುಡುಗರು ನಂಬುವುದಿಲ್ಲ, ಆದರೂ ಹೇಳುತ್ತೇನೆ: ಇದರ ಗೇರೂ ಕಿಕ್ಕೂ ಒಂದೇ. ಎಡಗಡೆ ಒಂದೇ ಒಂದು ಕಬ್ಬಿಣದ ಕಾಲು. ಎತ್ತಿ ನಿಲ್ಲಿಸಿದರೆ ಕಿಕ್, ಮುಂದಕ್ಕೆ ಮಲಗಿಸಿದರೆ ಗೇರ್. (ಒಂದೇ ಧೋತರವನ್ನು ಹಗಲು ಉಟ್ಟು, ರಾತ್ರಿ ಹೊದ್ದು ಮಲಗುತ್ತಿದ್ದ ಕಾಲದ ಗಾಡಿಯಲ್ಲವೇ?)

ಅದು ಇರುವುದು ಒಣದ್ರಾಕ್ಷಿ ಮಾಡುವ ಶೆಡ್ಡಿನ ಒಂದು ಮೂಲೆಯಲ್ಲಿ. ನಾನು ಮೊದಲ ಸಲ ಅಳಿಯತನಕ್ಕೆ ಹೋದಾಗ ಕಡು ಚಳಿಗಾಲ. ನನಗೆ ಹೊದೆಯಲು ಒಂದು ತೆಳ್ಳನೆಯ ಚಾದರ ಕೊಟ್ಟರು. ಬೆಳಗ್ಗೆ ಹಲ್ಲುಜ್ಜುತ್ತ ಶೆಡ್ಡಿನ ಕಡೆ ಹೋಗಿ ನೋಡಿದರೆ, ಯೆಜ್ಡಿ ಎರಡು ಕೌದಿ ಹೊದ್ದು ಬೆಚ್ಚಗೆ ಮಲಗಿತ್ತು.

"ನಮ್ಮಪ್ಪ ಅದರ ಮ್ಯಾಲ ಯಾರಿಗೂ ಕೈ ಹಚ್ಚಗೊಡಂಗಿಲ್ಲ. ನೀವೂ ಮನಸಿಗಿ ಹಚ್ಕೊಬ್ಯಾಡ್ರಿ," ಎಂದು ಹೆಂಡತಿ ಶೈಲಾ ಅವತ್ತೇ ಸಮಾಧಾನ ಹೇಳಿದ್ದಳು.

ನಾನು ವಿಜಯಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವವನು. ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ. ಓಡಾಡುವುದು ಗೇರಿಲ್ಲದ ಸ್ಕೂಟರ್ ಮೇಲೆ. ಅದನ್ನು ಮಾವನವರು ಗಾಡಿ ಎಂದು ಒಪ್ಪುವುದಿಲ್ಲ. "ಬಟನ್ ಒತ್ತಿದ್ರ ಮಿಕ್ಸರೂ ಚಾಲೂ ಆಕೈತಿ," ಎಂದು ಒಮ್ಮೆ ಹೇಳಿ ಒಳಗೆ ಹೋಗಿದ್ದರು. ಆ ವಿಷಯದ ಮೇಲೆ ನಮ್ಮಿಬ್ಬರ ನಡುವೆ ಆದ ಚರ್ಚೆ ಅಷ್ಟೇ.

ಇಂಥವರು ಮೊನ್ನೆ ತಾವೇ ಫೋನ್ ಮಾಡಿದರು.

"ಅಳ್ಯಾರ, ರವಿವಾರ ಖಾಲಿ ಅದೀರೇನು?"

ನಾನು ಎದ್ದು ನಿಂತೆ. ಮಾವನವರು ಫೋನ್ ಮಾಡುವುದೇ ಇಲ್ಲ. ಶೈಲಾ ಕೂಡ ಅಡುಗೆ ಮನೆಯಿಂದ ಓಡಿಬಂದಳು. ವಿಷಯ ತಿಳಿದಾಗ ಇಬ್ಬರೂ ಕುಳಿತುಕೊಂಡೆವು.

ವಿಷಯ ಇಷ್ಟು. ಬಬಲೇಶ್ವರದಲ್ಲಿ ಮಾವನವರ ಹಳೆಯ ಗೆಳೆಯ ರುದ್ರಪ್ಪ ಇದ್ದಾರೆ. ಪ್ರಾಯದಲ್ಲಿ ಇಬ್ಬರೂ ಒಂದೇ ಸುಗ್ಗಿಯಲ್ಲಿ ಗಾಡಿ ತಂದವರು. ಇವರು ಯೆಜ್ಡಿ, ಅವರು ಬುಲೆಟ್. ಯಾವುದು ಹೆಚ್ಚು ಎಂಬ ಜಗಳ ಅಂದು ಶುರುವಾದದ್ದು ಇಂದಿಗೂ ಮುಗಿದಿಲ್ಲ. (ಇಬ್ಬರ ಮದುವೆಗಳೂ ಆ ಜಗಳದ ಬಿಡುವಿನಲ್ಲೇ ಆದವಂತೆ.) ರುದ್ರಪ್ಪ ಈಗ ಹೊಸ ಮನೆ ಕಟ್ಟಿಸಿದ್ದಾರೆ. ರವಿವಾರ ವಾಸ್ತುಶಾಂತಿ, ಊಟ. ಅಷ್ಟರಲ್ಲಿ ತಿಕೋಟಾದ ಚಹಾ ಅಂಗಡಿಯ ಚಂದಪ್ಪ ಒಂದು ಸುದ್ದಿ ಮುಟ್ಟಿಸಿದ್ದಾನೆ. ಈರಪ್ಪನ ಯೆಜ್ಡಿ ಗುಜರಿಗೆ ಹೋಯಿತು ಎಂದು ರುದ್ರಪ್ಪ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾರೆ ಅಂತ.

"ಗಾಡಿ ಮ್ಯಾಲನ ಹೋಗಬೇಕ್ರಿ," ಎಂದರು ಮಾವನವರು. "ಅಂವ ಕಣ್ಣಾರೆ ನೋಡಬೇಕು."

"ಹೊಡಿಯೋರು ಯಾರ್ರಿ ಮಾವಾರ? ನಿಮಗ ಡಾಕ್ಟರು ಗಾಡಿ ಮುಟ್ಟಬ್ಯಾಡ ಅಂದಾರಲ್ಲ."

ಅವರಿಗೆ ಕಣ್ಣಿನ ಪೊರೆ ತೆಗೆದು ಕೆಲವೇ ವಾರಗಳಾಗಿದ್ದವು. ಗಂಡುಮಕ್ಕಳಿಲ್ಲ. (ಇದ್ದಿದ್ದರೆ ಈ ವಾರ ನೀವು ಈ ಅಂಕಣದಲ್ಲಿ ಬೆಲೆಯೇರಿಕೆಯ ಬಗ್ಗೆ ಓದುತ್ತಿದ್ದಿರಿ.) ಆ ಕಡೆಯಿಂದ ಹಲ್ಲು ಕೀಳಿಸಿಕೊಳ್ಳುವವರ ದನಿಯಲ್ಲಿ ಒಂದೇ ಮಾತು ಬಂತು.

"ನೀವ."

ಶನಿವಾರ ಮಧ್ಯಾಹ್ನ ಸ್ಕೂಟರ್ ಹತ್ತಿದೆ. ಇಟ್ಟಂಗಿಹಾಳ ದಾಟುವ ಹೊತ್ತಿಗೆ ಧೈರ್ಯ ಇತ್ತು. ತಿಕೋಟಾ ಮುಟ್ಟುವಷ್ಟರಲ್ಲಿ ಅರ್ಧ ಆಯಿತು. ಬಿಜ್ಜರಗಿಯಲ್ಲಿ ಶೆಡ್ಡಿನ ಬಾಗಿಲು ತೆರೆದು ಮಾವನವರು ಕೌದಿ ತೆಗೆದಾಗ, ಉಳಿದದ್ದೂ ಹೋಯಿತು.

ಗಾಡಿ ಹೊಳೆಯುತ್ತಿತ್ತು. ಮಾವನವರು ಪೆಟ್ರೋಲಿಗೆ ಆಯಿಲ್ ಕೂಡಿಸಿದರು, ಕೂಸಿಗೆ ಔಷಧ ಹಾಕುವವರ ಹಾಗೆ, ಒಂದು ಕಣ್ಣು ಮುಚ್ಚಿ, ಹನಿ ನೋಡಿಕೊಂಡು. ಆಮೇಲೆ ನನ್ನ ಕಡೆ ತಿರುಗಿ, "ಒದೀರಿ," ಎಂದರು.

ಒದ್ದೆ. ಗಾಡಿ ನಿಟ್ಟುಸಿರು ಬಿಟ್ಟಿತು.

ಮತ್ತೆ ಒದ್ದೆ. ಈ ಸಲ ಗಾಡಿಯೂ ಒದೆಯಿತು. ಮೊಣಕಾಲಿನ ಕೆಳಗೆ, ಸರಿಯಾಗಿ ಎಲುಬಿಗೆ. ನಾನು ಕಾಲು ಹಿಡಿದುಕೊಂಡು ಅಂಗಳದಲ್ಲಿ ಒಂದು ಸುತ್ತು ಕುಂಟಿದೆ. ಮಾವನವರು ಓಡಿಬಂದರು. ಮೊದಲು ಗಾಡಿ ನೋಡಿದರು. ಅದಕ್ಕೆ ಏನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡು ನನ್ನ ಕಾಲು ನೋಡಿದರು.

"ಸಿಟ್ಟಿಲೆ ಒದೀಬ್ಯಾಡ್ರಿ ಅಳ್ಯಾರ. ಪ್ರೀತಿಲೆ ಒದೀರಿ."

ಪ್ರೀತಿಯಿಂದ ಒದೆಯುವುದು ಹೇಗೆ? ಪ್ರೀತಿಯೂ ಗೊತ್ತು, ಒದೆಯೂ ಗೊತ್ತು. ಎರಡನ್ನೂ ಕೂಡಿಸಿ ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ. ಸಂಜೆಯಾಗುವ ಹೊತ್ತಿಗೆ ಅದೂ ಬಂತು. ಪೆಡಲ್ಲಿನ ಮೇಲೆ ಕಾಲಿಟ್ಟು, ಮೈಭಾರವನ್ನೆಲ್ಲ ಮೆಲ್ಲಗೆ ಬಿಟ್ಟು, ಕೊನೆಗೆ ಒಮ್ಮೆ ಝಾಡಿಸಿ ಒದ್ದೆ. ಯೆಜ್ಡಿ ಎದ್ದಿತು. ಟಣಟಣ ಟಣಟಣ ಎಂದು ಎರಡೂ ಸೈಲೆನ್ಸರ್ ಹಾಡಿದವು. ಶೆಡ್ಡಿನ ತುಂಬ ನೀಲಿ ಹೊಗೆ. ಕೋಳಿಗಳು ಗೋಡೆ ಹಾರಿದವು. ಅತ್ತೆಯವರು ಬಾಗಿಲಿಗೆ ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಬಹಳ ದಿನದ ಮೇಲೆ ಬಂದ ಬೀಗರನ್ನು ನೋಡುವಂತೆ ನೋಡಿದರು.

ಆಗ ಮಾವನವರು ಮುಖ್ಯವಾದ ಮಾತು ಹೇಳಿದರು.

"ನಾಳಿಗಿ ದಾರ್‍ಯಾಗ ಬಂದ್ ಮಾಡಬ್ಯಾಡ್ರಿ. ಬಿಸಿ ಇದ್ದಾಗ ಬಂದ್ ಮಾಡಿದ್ರ, ತಣ್ಣಗಾಗೂ ಮಟ ಎದ್ದೇಳಂಗಿಲ್ಲ."

(ತಪ್ಪು ಗಾಡಿ ಮಾಡಿದವರದ್ದಲ್ಲ, ಮತ್ತೆ. ವರ್ಷಗಟ್ಟಲೆ ಕೌದಿ ಹೊದಿಸಿ ಮಲಗಿಸಿದರೆ ನಾನಾದರೂ ಹಾಗೇ ಮಾಡುತ್ತೇನೆ.)

ರವಿವಾರ ಬೆಳಗ್ಗೆ ಮಾವನವರು ಮದುಮಗನ ಹಾಗೆ ಬಂದರು. ಬಿಳಿ ಧೋತರ, ಇಸ್ತ್ರಿ ಅಂಗಿ, ಗುಲಾಬಿ ರುಮಾಲು, ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ. ನಾನು ಎರಡು ಹೆಲ್ಮೆಟ್ ತಂದಿದ್ದೆ.

"ರುಮಾಲಿನ ಮ್ಯಾಲ ಅದು ಕೂಡಂಗಿಲ್ರಿ," ಎಂದರು.

"ರುಮಾಲು ತಗದು ಹಾಕೋರಿ."

ಅವರು ನನ್ನನ್ನು ನೋಡಿದ ರೀತಿಗೆ ನಾನು ಒಂದು ಹೆಲ್ಮೆಟ್ ಅತ್ತೆಯವರ ಕೈಗೆ ಕೊಟ್ಟೆ. ಅದರಲ್ಲಿ ಅವರು ಕೂಡಲೇ ಬೆಳ್ಳುಳ್ಳಿ ಹಾಕಿಟ್ಟರು. (ಪೊಲೀಸರು ಈ ಅಂಕಣ ಓದುತ್ತಿದ್ದರೆ ದಯವಿಟ್ಟು ಮುಂದಿನ ಪುಟಕ್ಕೆ ಹೋಗಿ.)

ಹೊರಟೆವು. ಮೊದಮೊದಲು ಹಿಂದಿನಿಂದ ಸೂಚನೆಗಳ ಮಳೆ. "ಕ್ಲಚ್ ಬಿಡ್ರಿ." "ಇಷ್ಟು ಬಿಡಬ್ಯಾಡ್ರಿ." "ತಗ್ಗೈತಿ, ತಗ್ಗೈತಿ." "ಅದು ತಗ್ಗಲ್ಲ, ನೆಳ್ಳು. ಹೋಗ್ರಿ." ಊರ ಹೊರಗೆ ಕುರಿಹಿಂಡು ಅಡ್ಡ ಬಂತು. ಕುರಿಗಳು ಕಾರಿಗೆ ಸರಿಯುವುದಿಲ್ಲ, ಬಸ್ಸಿಗೆ ಸರಿಯುವುದಿಲ್ಲ. ಯೆಜ್ಡಿಯ ಸದ್ದು ಕೇಳಿ ಎರಡು ಭಾಗವಾಗಿ ದಾರಿ ಬಿಟ್ಟವು. ಕುರುಬರ ಅಜ್ಜನೊಬ್ಬ ಕೋಲೆತ್ತಿ ನಮಸ್ಕಾರ ಮಾಡಿದ. ನನಗಲ್ಲ, ಗಾಡಿಗೆ.

ಆಮೇಲೆ ದಾರಿ ನೇರವಾಯಿತು. ಎರಡೂ ಕಡೆ ದ್ರಾಕ್ಷಿ ಪಡಗಳು, ಎದುರಿಗೆ ಬರಿ ಆಕಾಶ. ನಾಲ್ಕನೆಯ ಗೇರ್ ಹಾಕಿದೆ.

ಏನು ಹೇಳಲಿ? ಇಷ್ಟು ವರ್ಷ ನಾನು ಸ್ಕೂಟರ್ ಮೇಲೆ ಕೂತಿದ್ದೆ, ಅಷ್ಟೇ. ಗಾಡಿ ಹೊಡೆದಿರಲಿಲ್ಲ. ಕೆಳಗೆ ಒಂದು ಜೀವ ಇದೆ, ಅದರ ನಾಡಿ ನನ್ನ ಅಂಗಾಲಿಗೆ ಬಡಿಯುತ್ತಿದೆ ಅನ್ನಿಸಿತು. ಎಕ್ಸಿಲೇಟರ್ ತಿರುವಿದರೆ ಅದು ಒಮ್ಮೆ ಯೋಚಿಸಿ, ಒಪ್ಪಿಕೊಂಡು, ಆಮೇಲೆ ಓಡುತ್ತದೆ. ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನಲ್ಲಿ ಗೂಡು ಕಟ್ಟಿತು. ವೇಗ ಎಷ್ಟಿತ್ತು? ಮೀಟರ್ ಮುಳ್ಳು ಹುಣ್ಣಿಮೆ ದಿನ ಮೈಮೇಲೆ ದೇವರು ಬಂದವರ ಹಾಗೆ ನಡುಗುತ್ತಿತ್ತು, ಏನೂ ತಿಳಿಯಲಿಲ್ಲ. ನಮ್ಮನ್ನು ಒಂದು ಟ್ರ್ಯಾಕ್ಟರ್ ಮಾತ್ರ ಹಿಂದೆ ಹಾಕಿತು, ಅಂದಮೇಲೆ ಬಹಳ ಇರಲಿಕ್ಕಿಲ್ಲ. ಆದರೆ ನನಗೆ ವಿಮಾನ.

ಹಿಂದಿನ ಸೂಚನೆಗಳು ನಿಂತಿದ್ದವು. ಮಾವನವರು ಏನೋ ಗುನುಗುತ್ತಿದ್ದರು.

ತಿಕೋಟಾ ಬಂತು. ದಾರಿ ಬದಿಯ ಚಹಾ ಅಂಗಡಿಯಲ್ಲಿ ಸುದ್ದಿಗಾರ ಚಂದಪ್ಪ ನಿಂತಿದ್ದ. ಅವನನ್ನು ನೋಡಿ ಮಾವನವರಿಗೆ ತಡೆಯಲಾಗಲಿಲ್ಲ.

"ಅಳ್ಯಾರ, ಇಳಸ್ರಿ ನನ್ನ. ಇವಂಗೊಂದೀಟು ಗಾಡಿ ತೋರಸ್ತೇನಿ."

"ಬಂದ್ ಮಾಡಬಾರದಂದಿದ್ರಿ."

"ಬಂದ್ ಮಾಡಬ್ಯಾಡ್ರಿ. ನೀವು ತಿರಗತಾ ಇರ್ರಿ."

ಹೀಗಾಗಿ ಅವರು ಇಳಿದರು, ನಾನು ತಿರುಗಿದೆ. ಒಂದೆಡೆ ನಿಂತು ಎಕ್ಸಿಲೇಟರ್ ಕೊಡುತ್ತ ಇರಬಹುದಿತ್ತು. ಆದರೆ ಹೊಗೆ ಚಹಾದ ಪಾತ್ರೆಗೆ ಹೋಗುತ್ತಿತ್ತು, ಗಿರಾಕಿಗಳು ಬೈಯುತ್ತಿದ್ದರು. ಅಂಗಡಿಯ ಮುಂದಿನ ಬಯಲಲ್ಲಿ ಸುತ್ತು ಹೊಡೆಯತೊಡಗಿದೆ. ಮಾವನವರ ಜಗಳ ನನಗೆ ತುಂಡು ತುಂಡಾಗಿ ಕೇಳಿತು. ಒಂದು ಸುತ್ತಿಗೆ "ಗುಜರಿಗಿ ಹೋಗೂದು ನಿನ್ನ..." ಎಂಬಷ್ಟು. ಮುಂದಿನ ಸುತ್ತಿಗೆ "...ಅದನ್ನ ಅವನ ಬಾಯಾಗ..." ಎಂಬಷ್ಟು. ನಡುವಿನದು ಏನೆಂದು ಈಗಲೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಅಲ್ಲೇ ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಕನಿಕರದಿಂದ ನೋಡುತ್ತಿದ್ದಳು. ಕೊನೆಗೆ ಕೇಳಿಯೇ ಬಿಟ್ಟಳು.

"ಯಾವ ದೇವರ ಹರಕಿ ಐತೋ ಯಪ್ಪಾ?"

ಉತ್ತರ ಹೇಳುವಷ್ಟರಲ್ಲಿ ನಾನು ಮುಂದೆ ಹೋಗಿದ್ದೆ.

ತಲೆ ತಿರುಗತೊಡಗಿತು. ಅಂಗಡಿಯ ಹತ್ತಿರ ಬಂದು ನಿಧಾನ ಮಾಡಿ, ಹೊಗೆಯಲ್ಲೇ ಕೂಗಿದೆ. "ಹತ್ರಿ, ಹತ್ರಿ. ಬಬಲೇಶ್ವರಕ್ಕ ಹೊತ್ತಾತು." ಹಿಂದಿನ ಸೀಟಿನ ಮೇಲೆ ಧಪ್ಪೆಂದು ಭಾರ ಬಿತ್ತು. ಕನ್ನಡಿಯಲ್ಲಿ ಇಣುಕಿದೆ. ಕನ್ನಡಿಯೂ ಕುಣಿಯುತ್ತಿತ್ತು. ಬಿಳಿ ಅಂಗಿ ಕಂಡಿತು, ರುಮಾಲು ಕಂಡಿತು. ಹೊರಟೆ.

ಬಬಲೇಶ್ವರದ ದಾರಿಯಲ್ಲಿ ನನಗೆ ಎಲ್ಲಿಲ್ಲದ ಹುರುಪು. ಹೆಲ್ಮೆಟ್ಟಿನೊಳಗಿಂದಲೇ ಮಾತಾಡಿದೆ. ಇಷ್ಟು ವರ್ಷ ಆಡದಿದ್ದ ಮಾತುಗಳೆಲ್ಲ ಬಂದವು.

"ಮಾವಾರ, ಖರೇ ಹೇಳ್ರಿ. ಛಲೋ ಹೊಡಿಯಾಕತ್ತೇನಿಲ್ಲ?"

"ಭಾಳ ಛಲೋ ರೀ," ಎಂದಿತು ಹಿಂದಿನ ದನಿ.

ನನ್ನ ಕಣ್ಣು ಮಂಜಾದವು. ಮದುವೆಯಾದಂದಿನಿಂದ ಅವರ ಬಾಯಲ್ಲಿ ನನ್ನ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು. ಇನ್ನಷ್ಟು ಬಿಚ್ಚಿಕೊಂಡೆ.

"ನಿಮ್ಮ ಮಗಳೂ ಥೇಟ್ ಈ ಗಾಡಿ ಹಂಗ ಅದಾಳ್ರಿ. ಸಿಟ್ಟಿಲೆ ಹೋದ್ರ ತಿರುಗಿ ಒದೀತಾಳ. ಪ್ರೀತಿಲೆ ಹೋದ್ರ ಯಾವಾಗರ ಒಮ್ಮೆ ಚಾಲೂ ಆಗ್ತಾಳ."

"ಹೆಣ್ಮಕ್ಕಳು ಹಂಗ ರೀ," ಎಂದು ದನಿ ಒಪ್ಪಿಕೊಂಡಿತು. "ನಮ್ಮ ಮನ್ಯಾಗೂ ಹಂಗ."

ಎಂಥ ಮಾವ. ಎಂಥ ಮನುಷ್ಯ. ಇವರನ್ನು ಇಷ್ಟು ವರ್ಷ ಅರ್ಥ ಮಾಡಿಕೊಳ್ಳಲಿಲ್ಲವಲ್ಲ ಎಂದು ಕರಗಿದೆ. ಬಬಲೇಶ್ವರದ ಮನೆಗಳು ಕಾಣತೊಡಗಿದಾಗ ಹಿಂದಿನಿಂದ ಭುಜ ತಟ್ಟಿದರು.

"ಇಲ್ಲೇ ನಿಂದ್ರಸ್ರಿ. ನಮ್ಮ ಮನಿ ಬಂತು."

"ನಿಮ್ಮ ಮನಿ ಬಿಜ್ಜರಗ್ಯಾಗ ಐತಲ್ರಿ ಮಾವಾರ?"

ಕತ್ತು ತಿರುಗಿಸಿ ನೋಡಿದೆ. ಅಂಥದೇ ರುಮಾಲು, ಅದೇ ಎತ್ತರ. ಮುಖ ಬೇರೆ. ಆ ಹಿರಿಯರನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಪಾಪ, ಅವರದೇನು ತಪ್ಪು? ತಿಕೋಟಾದಲ್ಲಿ ಬಸ್ಸಿಗೆ ಕಾಯುತ್ತಿದ್ದರಂತೆ. ಹೊಗೆಯೊಳಗಿಂದ ಯಾರೋ ಪುಣ್ಯಾತ್ಮ ಬಬಲೇಶ್ವರ ಎಂದು ಕೂಗಿ ಹತ್ತಿಸಿಕೊಂಡ. ದಾರಿಯುದ್ದಕ್ಕೂ ತನ್ನ ಸಂಸಾರದ ಕತೆ ಹೇಳಿದ. ಕೇಳಿಸಿಕೊಳ್ಳುವುದು ಮರ್ಯಾದೆ ಅಲ್ಲವೇ? ಇಳಿದವರು ನನಗೆ ಕೈಮುಗಿದು, "ತಂಗೀಗಿ ಬೈಬ್ಯಾಡ್ರಿ, ಹೊಂದಿಕೊಂಡು ಹೋಗ್ರಿ," ಎಂದು ಬುದ್ಧಿ ಹೇಳಿ ಹೋದರು.

ಅಂಗಿಯ ಜೇಬಿನಲ್ಲಿ ಮೊಬೈಲ್ ಅಷ್ಟು ಹೊತ್ತೂ ನಡುಗುತ್ತಿತ್ತು. ಯೆಜ್ಡಿಯ ಮೇಲೆ ಕೂತವನಿಗೆ ತನ್ನ ಹಲ್ಲೇ ನಡುಗುತ್ತಿರುವಾಗ ಮೊಬೈಲ್ ಗೊತ್ತಾಗುವುದು ಹೇಗೆ? ಎಲ್ಲ ಮಿಸ್ಡ್ ಕಾಲ್‌ಗಳೂ ಮಾವನವರವೇ.

ತಿರುಗಿ ತಿಕೋಟಾಕ್ಕೆ ಹೋಗಬೇಕೆಂದು ಗಾಡಿ ಹೊರಳಿಸಿದೆ. ಹೊರಳಿಸಿದ್ದು ಎಲ್ಲಿ? ಒಂದು ಹೊಸ ಮನೆಯ ಮುಂದಿನ ಚಪ್ಪರದ ಎದುರಿಗೆ. ಬಾಳೆಕಂಬ, ಮಾವಿನ ತೋರಣ, ಊಟಕ್ಕೆ ಬಂದ ಜನ. ಕಟ್ಟೆಯ ಮೇಲೆ ದೊಡ್ಡ ಬಿಳಿ ಮೀಸೆಯ ಹಿರಿಯರೊಬ್ಬರು ಎದ್ದು ನಿಂತರು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಗಾಡಿಯ ಮೇಲಿತ್ತು.

"ಇದು ಈರಪ್ಪನ ಯೆಜ್ಡಿ ಅಲ್ಲೇನು?"

ರುದ್ರಪ್ಪ. ನಿಲ್ಲುವಂತಿಲ್ಲ, ಉತ್ತರ ಕೊಡದೆ ಹೋಗುವಂತಿಲ್ಲ. ಮತ್ತೆ ಸುತ್ತು.

"ಹೌದ್ರಿ," ಎಂದೆ, ಮೊದಲ ಸುತ್ತಿಗೆ.

"ಯಾವಾಗ ತಗೊಂಡ್ರಿ?"

"ತಗೊಂಡಿಲ್ರಿ," ಎಂದೆ, ಇನ್ನೊಂದು ಸುತ್ತು ಬಂದು.

"ಮತ್ತ ಕದ್ದೀರೇನು?"

"ಅಳಿಯ ರೀ ನಾ," ಎಂದೆ, ಮತ್ತೊಂದು ಸುತ್ತು ಬಂದು.

"ಯಾರ ಅಳಿಯ?"

ಆ ಪ್ರಶ್ನೆಗೆ ಉತ್ತರ ಕೊಡಲು ಬರುವಷ್ಟರಲ್ಲಿ ಗಾಡಿ ಕೆಮ್ಮಿತು. ಒಮ್ಮೆ ಹಾರಿತು. ಸರಿಯಾಗಿ ಚಪ್ಪರದ ಬಾಗಿಲಿಗೆ ಹೋಗಿ ಉಸಿರು ನಿಲ್ಲಿಸಿತು. ಒಳಗಿಂದ ಅಡುಗೆಯವನು ಸವುಟು ಹಿಡಿದೇ ಬಂದು, "ಹೋಳಗಿ ಎಲ್ಲಾ ಗಾಡಿ ವಾಸನಿ ಹೊಡಿಯಾಕತ್ತಾವ್ರಿ," ಎಂದ.

ರುದ್ರಪ್ಪ ಕಟ್ಟೆ ಇಳಿದು ಬಂದು ಟ್ಯಾಂಕು ತಟ್ಟಿದರು. ಅವರ ಮೀಸೆಯ ಕೆಳಗೆ ಹಬ್ಬ ನಡೆದಿತ್ತು.

"ಈರ್‍ಯಾ ಎಲ್ಲಿ?"

ಮಾವನನ್ನು ತಿಕೋಟಾದಲ್ಲಿ ಮರೆತು ಬಂದೆ ಎಂದು ಹೇಗೆ ಹೇಳುವುದು? "ಹಿಂದ ಬರಾಕತ್ತಾರ್ರಿ," ಎಂದೆ. ದೇವರು ದೊಡ್ಡವನು, ಮಾತು ಸುಳ್ಳಾಗಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಟಂಟಂ ಆಟೊ ಬಂತು. ಹಿಂದಿನ ಡಬ್ಬಿಯಲ್ಲಿ ಆಡುಗಳು. ಆಡುಗಳ ನಡುವೆ ಕಪ್ಪು ಕನ್ನಡಕ, ಗುಲಾಬಿ ರುಮಾಲು. ರುಮಾಲಿನ ತುದಿ ಒಂದು ಆಡಿನ ಬಾಯಲ್ಲಿತ್ತು.

ಮಾವನವರು ಇಳಿದರು. ಧೋತರ ಝಾಡಿಸಿಕೊಂಡರು. ನನ್ನನ್ನು ನೋಡಲಿಲ್ಲ. ನೇರ ಗಾಡಿಯ ಹತ್ತಿರ ಹೋಗಿ ಎಂಜಿನ್ನಿಗೆ ಅಂಗೈ ಹಿಡಿದರು.

"ಬಿಸಿ ಐತಿ," ಎಂದರು.

"ಸತ್ತೈತಿ," ಎಂದರು ರುದ್ರಪ್ಪ.

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಮಾವನವರ ಕಿವಿ ಕೆಂಪಾದದ್ದನ್ನು ನಾನು ಕಂಡೆ. ನಾನು ಅಷ್ಟು ವರ್ಷ ಅಂಜಿದ ಮನುಷ್ಯ ಹೀಗೆ ಜನರ ನಡುವೆ ತಲೆ ತಗ್ಗಿಸಿ ನಿಂತಿದ್ದರು. ಕಾರಣ ನಾನೇ ಅಲ್ಲವೇ? ನಾನು ಎಂದೂ ಆಡದ ಮಾತು ಬಾಯಿಗೆ ಬಂತು.

"ಗೌಡ್ರ, ನಿಮ್ಮ ಬುಲೆಟ್ ಎಲ್ಲೈತ್ರಿ? ಒಂದೀಟು ತೋರಸ್ರಲಾ."

ನಗು ನಿಂತಿತು. ರುದ್ರಪ್ಪ ಮೀಸೆ ತಿರುವುವುದನ್ನು ನಿಲ್ಲಿಸಿದರು. ಮಾವನವರು ಕನ್ನಡಕ ಇಳಿಸಿ, ಮೊದಲ ಸಲ ನೋಡುವವರಂತೆ ನನ್ನನ್ನು ನೋಡಿದರು.

ಬುಲೆಟ್ ಹಿತ್ತಲಿನಲ್ಲಿತ್ತು. ಸೀಟಿನ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಹ್ಯಾಂಡಲ್ಲಿಗೆ ಸೊಸೆಯ ಸೀರೆಯ ಒಂದು ತುದಿ ಕಟ್ಟಿತ್ತು, ಇನ್ನೊಂದು ತುದಿ ಬೇವಿನ ಗಿಡಕ್ಕೆ. ಮೊಮ್ಮಕ್ಕಳು ಬೆಲ್ಲು ಬಿಚ್ಚಿ ಒಯ್ದಿದ್ದರು. (ಬುಲೆಟ್ಟಿಗೆ ಬೆಲ್ಲು ಯಾಕೆ ಹಾಕಿಸಿದ್ದರು ಎಂದು ಯಾರೂ ಕೇಳಲಿಲ್ಲ.)

"ಲೇ ರುದ್ರ್ಯಾ," ಎಂದರು ಮಾವನವರು ಶಾಂತವಾಗಿ. "ಚಟ್ನಿ ರುಬ್ಬಾಕ ಇಟ್ಟೀಯೇನು?"

"ನಂದು ಒಂದ ಒದಿಗೆ ಎದ್ದೇಳತೈತಿ."

"ಎಬ್ಬಸು."

"ಮೊದಲ ಊಟ ಮಾಡು. ನಿಂದೂ ತಣ್ಣಗಾಗ್ಲಿ. ಇಬ್ಬರೂ ಕೂಡೇ ನೋಡೂನು."

ಊಟಕ್ಕೆ ಕೂತೆವು. ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ. ಶೇಂಗಾ ಹೋಳಿಗೆ, ತುಪ್ಪ, ಎಣ್ಣೆಗಾಯಿ. ಇಬ್ಬರೂ ಹಿರಿಯರು ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡುತ್ತ ಉಂಡರು. ಹೋಳಿಗೆಯಲ್ಲೂ ಪಂದ್ಯ. ನನ್ನ ಪಕ್ಕದಲ್ಲಿ ಕೂತಿದ್ದವನು ರುದ್ರಪ್ಪನವರ ಅಳಿಯ ಮಹಾಂತೇಶ. ನಮ್ಮ ವಿಜಯಪುರದವನೇ, ನನ್ನ ಮನೆಯಿಂದ ಎರಡು ಓಣಿ ಆಚೆ.

"ನಿಮ್ಮ ಮಾವ ನಿಮಗ ಗಾಡಿ ಕೊಟ್ಟಾರ್ರಿ, ಪುಣ್ಯವಂತರು," ಎಂದು ಪಿಸುಗುಟ್ಟಿದ. "ನನಗ ಮೆಣಸಿನಕಾಯಿ ತಗ್ಯಾಕೂ ಕೊಡಂಗಿಲ್ಲ."

ಕೈ ತೊಳೆಯುವಷ್ಟೂ ಬಿಡುವು ಸಿಗಲಿಲ್ಲ. ಹಿತ್ತಲಿನಿಂದ ಬುಲೆಟ್ಟೂ ಹೊರಗೆ ಬಂತು, ಕಿಕ್ಕು ಶುರುವಾಯಿತು. ನಾನು ಪ್ರೀತಿಯಿಂದ ಒದ್ದೆ. ಮಹಾಂತೇಶ ಭಕ್ತಿಯಿಂದ ಒದ್ದ. ಎರಡೂ ಏಳಲಿಲ್ಲ. ಬೆವರು ಮಾತ್ರ ಇಳಿಯಿತು.

ಆಗ ಯಾರೋ ದೂಡಿರಿ ಎಂದರು. ಮನೆಯ ಮುಂದಿನ ದಾರಿ ಹಳ್ಳದ ಕಡೆಗೆ ಸ್ವಲ್ಪ ಇಳಿಜಾರು. ರುದ್ರಪ್ಪ ಒಂದು ಕ್ಷಣವೂ ತಡಮಾಡದೆ ಬುಲೆಟ್ ಏರಿ ಕೂತರು, ಮೆಣಸಿನಕಾಯಿಯ ಬೀಜಗಳ ಮೇಲೆಯೇ. ಅದನ್ನು ನೋಡಿ ಮಾವನವರು ಯೆಜ್ಡಿ ಏರಿದರು.

"ಮಾವಾರ, ಡಾಕ್ಟರು..." ಎಂದೆ.

"ಹಿಡಕೊಂಡು ಕೂಡ್ತೇನಿ ಅಷ್ಟ. ದೂಡ್ರಿ ನೀವು."

ಊರೇ ಸೇರಿತು. ನಾನು ಯೆಜ್ಡಿಗೆ ಹೆಗಲು ಕೊಟ್ಟೆ, ಮಹಾಂತೇಶ ಬುಲೆಟ್ಟಿಗೆ. ಹಿಂದೆ ಊಟ ಮುಗಿಸಿದವರು, ಊಟ ಮಾಡಬೇಕಾದವರು, ಸವುಟು ಹಿಡಿದ ಅಡುಗೆಯವನು. ಎರಡು ಸತ್ತ ಗಾಡಿಗಳ ನಡುವೆ ರೇಸ್ ನಡೆಯಿತು. ಮೇಲೆ ಕೂತವರಿಬ್ಬರೂ ಮುಂದಕ್ಕೆ ಬಗ್ಗಿ ಗಾಳಿ ಸೀಳುತ್ತಿದ್ದರು.

"ಜೋರ್ ದೂಡ್ರಲೇ, ಅಂವ ಮುಂದ ಹೊಂಟಾನ," ಎಂದು ರುದ್ರಪ್ಪ.

"ಅಳ್ಯಾರ, ಮರ್ಯಾದಿ ಪ್ರಶ್ನೆ," ಎಂದು ಮಾವನವರು.

ಬರಿಗಾಲಿಗೆ ನೆಲ ಹೆಂಚಿನ ಹಾಗೆ ಸುಡುತ್ತಿತ್ತು. ಹೊಟ್ಟೆಯೊಳಗೆ ಹೋಳಿಗೆ ಬೇರೆಯೇ ರೇಸ್ ನಡೆಸಿತ್ತು. ಇನ್ನು ಆಗುವುದಿಲ್ಲ ಎನ್ನುವಾಗ ಯೆಜ್ಡಿ ಒಮ್ಮೆ ಸೀನಿತು. ಟಣ್. ಮತ್ತೆ ಟಣ್. ಆಮೇಲೆ ಟಣಟಣ ಟಣಟಣ. ನನ್ನ ಹೆಗಲಿನಿಂದ ಭಾರ ಮಾಯವಾಯಿತು. ನಾನು ಮೊಣಕಾಲ ಮೇಲೆ ಬಿದ್ದು ತಲೆಯೆತ್ತಿ ನೋಡಿದರೆ, ನೀಲಿ ಹೊಗೆ. ಹೊಗೆಯ ಆಚೆ ಗುಲಾಬಿ ರುಮಾಲು ಸಣ್ಣದಾಗುತ್ತ ಹೋಯಿತು.

ಮಾವನವರು ಹೋಗಿಬಿಟ್ಟರು.

ಬುಲೆಟ್ ದೂಡುತ್ತಿದ್ದವರೂ ಅದನ್ನು ಬಿಟ್ಟು ಯೆಜ್ಡಿ ನೋಡಲು ಓಡಿದರು. ರುದ್ರಪ್ಪ ನಡುದಾರಿಯಲ್ಲಿ ಬುಲೆಟ್ ಮೇಲೆ ಒಬ್ಬರೇ ಉಳಿದರು. "ಲೇ, ನನ್ನನ್ನ ಯಾರರ ದೂಡ್ರಲೇ," ಎಂದು ಕೂಗುತ್ತಿದ್ದರು. ಯಾರೂ ತಿರುಗಲಿಲ್ಲ.

ನನಗೆ ಮಾತ್ರ ಪ್ರಾಣ ಹೋದಂತಾಯಿತು. ಹೊಸ ಕಣ್ಣು, ಹಳೆಯ ಬ್ರೇಕು, ಎಂಬತ್ತರ ಮನುಷ್ಯ. ಶೈಲಾಗೆ ಏನು ಹೇಳಲಿ? ಒಂದೇ ದಿನ ಅವಳ ಅಪ್ಪನನ್ನು ಎರಡು ಸಲ ಕಳೆದುಕೊಂಡೆ ಎಂದೇ? ಹಳ್ಳದ ತಿರುವಿನಲ್ಲಿ ಸದ್ದು ನಿಂತಂತಾಯಿತು. ನಾನು ಓಡಿದೆ.

ಓಡಬೇಕಾಗಿರಲಿಲ್ಲ. ಸದ್ದು ತಿರುಗಿ ಬಂತು. ಮಾವನವರು ಬಂದರು, ಬೆನ್ನು ನೇರ, ಕನ್ನಡಕ ಇಲ್ಲ, ಬಾಯಿ ತುಂಬ ನಗು. ಅವರಿಗೆ ಅಷ್ಟು ಹಲ್ಲುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನನ್ನು ದಾಟಿ, ಜನರನ್ನು ದಾಟಿ, ಒಂಟಿಯಾಗಿ ಕೂತಿದ್ದ ರುದ್ರಪ್ಪನವರ ಹತ್ತಿರ ನಿಧಾನ ಮಾಡಿದರು.

ಈಗ ಹಂಗಿಸುತ್ತಾರೆ ಎಂದುಕೊಂಡೆವು ಎಲ್ಲರೂ. ಅಷ್ಟು ವರ್ಷದ ಲೆಕ್ಕ ಅಲ್ಲವೇ?

"ಹತ್ತೋ," ಎಂದರು ಮಾವನವರು.

"ಏನು?"

"ಹತ್ತಲೇ, ಬಂದ್ ಆದ್ರ ಮತ್ತ ಎದ್ದೇಳಂಗಿಲ್ಲ."

ರುದ್ರಪ್ಪ ಬುಲೆಟ್ಟನ್ನು ತಿರುಗಿ ಓಡಿಬಂದ ಮಹಾಂತೇಶನ ಕಡೆ ಒರಗಿಸಿ, ಧೋತರ ಎತ್ತಿ ಕಟ್ಟಿ, ಹಾರಿ ಕೂತರು. ಇಬ್ಬರೂ ಹೋದರು. ಊರೊಳಗೆಲ್ಲ ತಿರುಗಿದರು. ಎಲ್ಲಿದ್ದಾರೆಂದು ಸದ್ದಿನ ಮೇಲೆ, ನಾಯಿ ಬೊಗಳುವುದರ ಮೇಲೆ ತಿಳಿಯುತ್ತಿತ್ತು. ತಿರುಗಿ ಬಂದಾಗ ರುದ್ರಪ್ಪ ಹಿಂದಿನಿಂದ ಸೂಚನೆ ಕೊಡುತ್ತಿದ್ದರು. "ಕ್ಲಚ್ ಬಿಡೋ. ತಗ್ಗೈತಿ, ತಗ್ಗೈತಿ."

ನನ್ನ ಮುಂದೆ ಬಂದಾಗ ಗಾಡಿ ಇನ್ನೂ ಉಸಿರಾಡುತ್ತಿತ್ತು. ರುದ್ರಪ್ಪ ಇಳಿದರು. ಮಾವನವರು ಹಿಂದಿನ ಸೀಟಿಗೆ ಜರುಗಿದರು. ನಾನು ಓಡುತ್ತಲೇ ಹ್ಯಾಂಡಲ್ ಹಿಡಿದು, ಐವತ್ತರ ಕಾಲು ಎತ್ತಿ, ಹೇಗೋ ಏರಿ ಕೂತೆ. ಜನ ಸಿಳ್ಳೆ ಹೊಡೆದರು. ಹೋಗಿಬರ್ತೇವೆ ಎನ್ನುವುದಕ್ಕೂ ಪುರುಸೊತ್ತಿಲ್ಲ, ಎಲೆ ಅಡಿಕೆಯೂ ಇಲ್ಲ.

ಈ ಸಲ ಹಿಂದೆ ಕೂತವರು ಯಾರೆಂದು ತಿರುಗಿ ಖಾತ್ರಿ ಮಾಡಿಕೊಂಡೆ. ತಿಕೋಟಾ ದಾಟಿದ ಮೇಲೆ ಮಾವನವರು ಬಾಯಿ ಬಿಟ್ಟರು.

"ರುದ್ರ್ಯಾಗ ಭಾಳ ಖುಷಿ ಆತು," ಎಂದರು. ಬಿಜ್ಜರಗಿಯವರೆಗೆ ಅಷ್ಟೇ ಮಾತು.

ಮನೆಯ ಬಾಗಿಲಲ್ಲಿ ಅತ್ತೆಯವರು ನಮ್ಮಿಬ್ಬರ ಕಾಲು ನೋಡಿದರು. ಧೂಳು ಮೆತ್ತಿದ ನಾಲ್ಕು ಬರಿಗಾಲು. ಚಪ್ಪಲಿಗಳು ಬಬಲೇಶ್ವರದ ಚಪ್ಪರದಲ್ಲೇ ಉಳಿದಿದ್ದವು.

ಮರುದಿನ ರುದ್ರಪ್ಪ ಫೋನ್ ಮಾಡಿ, ಚಪ್ಪಲಿ ಅಳಿಯನ ಕೈಲಿ ಕಳಿಸಲೇ ಎಂದರಂತೆ. "ಕಳಸಬ್ಯಾಡ, ನಾವ ಬಂದು ಒಯ್ತೇವಿ," ಎಂದರಂತೆ ಮಾವನವರು. ಇದನ್ನು ನನಗೆ ಹೇಳಿದವನು ಮಹಾಂತೇಶ. ನಿಮ್ಮ ಚಪ್ಪಲಿಯನ್ನಾದರೂ ಕಾರಿನಲ್ಲಿ ಹಾಕಿಕೊಂಡು ಬರಲೇ, ದಾರಿಯಲ್ಲೇ ನಿಮ್ಮ ಮನೆ ಇದೆಯಲ್ಲ ಎಂದು ಕೇಳಿದ.

ನಾನೂ ಬೇಡ ಎಂದೆ. ಬೇಡ ಎಂದದ್ದು ನನ್ನ ಬಾಯಿಯೇ ಎಂದು ಶೈಲಾ ಇನ್ನೂ ನಂಬಿಲ್ಲ. ಕಾಲೇಜಿಗೆ ಸ್ನಾನದ ಮನೆಯ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದೇನೆ.

ನೀವು ಹೇಳಿ. ಮತ್ತೊಮ್ಮೆ ಹೋಗುವುದಕ್ಕೆ ನೆಪ ಇರಲಿ ಎಂದು ಯಾರ ಮನೆಯಲ್ಲಾದರೂ ಚಪ್ಪಲಿ ಬಿಟ್ಟು ಬಂದು ನಿಮಗೆ ಎಷ್ಟು ಕಾಲವಾಯಿತು?